ಹಾವೇರಿ ಚೂರುಮನೆಯ ನಿಧಾನಿ

ಹಾವೇರಿ ಚೂರುಮನೆ,
ಫೆಬ್ರವರಿ ೩೦, ೨೧೯೧

ನೂರಾ ಅರವತ್ತೈದು ವರ್ಷ ಹಿಂದೆ ಕೂತು ಆನ್‌ಲೈನ್ ಕೆಲಸಕ್ಕೆ ದರ ಬರೆಯುತ್ತಿರುವ ಮಹನೀಯರಲ್ಲಿ, ಹಾಗೂ ಆ ದರಕ್ಕೆ ಒಪ್ಪಿ ಬೆರಳು ಸವೆಸುತ್ತಿರುವ ಮಹಾಜನರಲ್ಲಿ, ಕೊಟ್ರೇಶ ಹಲಗೇರಿ ಮಾಡುವ ವಿಜ್ಞಾಪನೆ.

ಮೊದಲು ತಾರೀಖಿನ ವಿಷಯ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದಕ್ಕೆ ಓದುವುದಿಲ್ಲ. ಫೆಬ್ರವರಿಯಲ್ಲಿ ಮೂವತ್ತು ದಿನ ಇರುವುದು ನಮ್ಮಲ್ಲಿ ಕಾನೂನು. ಉಳಿದ ತಿಂಗಳುಗಳಷ್ಟೇ ದುಡಿಯುವ ಈ ಬಡಪಾಯಿಗೆ ಎರಡು ದಿನ ಕಡಿಮೆ ಯಾಕೆ ಕೊಡಬೇಕು ಎಂದು ಯಾರೋ ಸಭೆಯಲ್ಲಿ ಕೇಳಿದರು, ಯಾರಿಗೂ ಉತ್ತರ ಹೊಳೆಯಲಿಲ್ಲ, ಕೊಟ್ಟುಬಿಟ್ಟೆವು. ನಾವು ಅಂಥ ಜನ. ಇನ್ನು ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳು ಬಂದರೆ ಕ್ಷಮೆಯಿರಲಿ. ನಿಮ್ಮ ಕಾಗದಪತ್ರ ಓದುವಾಗ ನನಗಾದ ಗಾಬರಿಯ ಮುಂದೆ ಅದು ಏನೂ ಅಲ್ಲ. ಈ ಪತ್ರ ಹಿನ್ನಂಚೆಯಲ್ಲಿ ಬರುತ್ತಿದೆ. ಹಿನ್ನಂಚೆ ಎಂದರೆ ಹಿಂದಿನ ಕಾಲಕ್ಕೆ ಮಾತ್ರ ಹೋಗುವ ಟಪಾಲು. ಅದಕ್ಕೆ ಮರುಟಪಾಲಿಲ್ಲ. ಎದುರುತ್ತರದ ಭಯವಿಲ್ಲದೆ ಬುದ್ಧಿ ಹೇಳಬಹುದು ಎಂಬ ಕಾರಣಕ್ಕೆ ನಮ್ಮ ಹಿರಿಯರಲ್ಲಿ ಅದು ಬಹಳ ಜನಪ್ರಿಯ.

ನಾನು ಇಲ್ಲಿಯ ದರಗಾರ. ಊರಿನ ಚೂರುಗೆಲಸಕ್ಕೆ ವರ್ಷಕ್ಕೊಮ್ಮೆ ದರ ಕಟ್ಟುವುದು ನನ್ನ ಉದ್ಯೋಗ. ಚೂರುಗೆಲಸ ನಿಮಗೆ ಹೊಸದಲ್ಲ, ಹೆಸರು ಮಾತ್ರ ಹೊಸದು. ಒಂದು ದೊಡ್ಡ ಕೆಲಸವನ್ನು ಸಾವಿರ ಚೂರು ಮಾಡಿ, ನೆಟ್ಟಿನ ಮೇಲೆ ಹಾಕಿ, ಎಲ್ಲೆಲ್ಲಿಯೋ ಕೂತವರ ಕೈಯಲ್ಲಿ ಮಾಡಿಸಿ, ಚೂರಿಗಿಷ್ಟು ಎಂದು ಕೊಡುವುದು. ನಮ್ಮ ಚೂರುಮನೆಯಲ್ಲಿ ಮುನ್ನೂರು ಜನ ಸಾಲಾಗಿ ಕೂತು ರಸ್ತೆಯ ಚಿತ್ರ ನೋಡುತ್ತಾರೆ. ಚಿತ್ರದಲ್ಲಿರುವುದು ಗುಂಡಿಯೋ ಮರದ ನೆರಳೋ ಹೇಳಬೇಕು. ಗುಂಡಿಯಾದರೆ ಅದರ ಅಂಚಿನುದ್ದಕ್ಕೂ ಬೆರಳಿನಿಂದ ಗೆರೆ ಎಳೆಯಬೇಕು. ಗೆರೆ ಆಚೀಚೆ ಸರಿದರೆ ಮತ್ತೆ ಮೊದಲಿನಿಂದ. ಯಂತ್ರಗಳು ಇಷ್ಟು ವರ್ಷ ಕಲಿತರೂ ಇದೊಂದು ಅವಕ್ಕೆ ಹತ್ತಿಲ್ಲ. ಹೌದು, ಗುಂಡಿಗಳು ಇನ್ನೂ ಇವೆ. ನಿಮ್ಮ ಕಾಲದ್ದೇ ಕೆಲವು ಇರಬಹುದು.

ದರ ಕಟ್ಟುವ ಕ್ರಮ ಹೀಗೆ. ಪ್ರತಿ ಚೂರುಮನೆಗೆ ಒಬ್ಬ ಅಧಿಕೃತ ನಿಧಾನಿ ಇರುತ್ತಾರೆ. ನಿಧಾನಿ ಎಂದರೆ ಆ ಮನೆಯ ಅತ್ಯಂತ ನಿಧಾನದ ಕೆಲಸಗಾರ. ನೀವು ಊಹಿಸಿದಂತೆ ಬೈಗುಳವಲ್ಲ, ಪದವಿ. ದರಸಭೆಯ ದಿನ ನಿಧಾನಿ ಬೆಳಗ್ಗೆ ಹತ್ತಕ್ಕೆ ಊರ ಮುಂದೆ ಕೆಲಸಕ್ಕೆ ಕೂರುತ್ತಾರೆ, ನಾಲ್ಕಕ್ಕೆ ಏಳುತ್ತಾರೆ. ಪಕ್ಕದಲ್ಲಿ ದರಗಾರನೂ ಕೂತು ಅದೇ ಕೆಲಸ ಮಾಡಬೇಕು, ಏಕೆಂದರೆ ತಾನು ಮಾಡದ ಕೆಲಸಕ್ಕೆ ಬೆಲೆ ಹೇಳುವವನನ್ನು ನಮ್ಮಲ್ಲಿ ನೆಂಟಸ್ತಿಕೆಗೂ ಕರೆಯುವುದಿಲ್ಲ. ಆ ಆರು ಗಂಟೆಯಲ್ಲಿ ನಿಧಾನಿ ಎಷ್ಟು ಚಿತ್ರ ಮುಗಿಸುತ್ತಾರೋ ಅಷ್ಟಕ್ಕೆ ಒಂದು ತುಂಬುದಿನ ಸಿಗಬೇಕು. ತುಂಬುದಿನ ಎಂದರೆ ಊಟ, ಬಾಡಿಗೆ, ಔಷಧಿ, ಸಂಜೆಗೊಂದು ಪ್ಲೇಟು ಮಿರ್ಚಿ ಮಂಡಕ್ಕಿ, ಇಷ್ಟೂ ನಡೆಯುವ ಒಂದು ದಿನದ ಗಳಿಕೆ. ನಿಧಾನಿಗೆ ತುಂಬಿದ್ದು ಎಲ್ಲರಿಗೂ ತುಂಬುತ್ತದೆ, ಚುರುಕಿದ್ದವರಿಗೆ ಉಕ್ಕುತ್ತದೆ. ನಾಲ್ಕಾದ ಮೇಲೆ ಯಾರೂ ಕೆಲಸ ಮಾಡುವಂತಿಲ್ಲ. ಮಾಡುವ ಅಗತ್ಯವೂ ಇಲ್ಲ. ಹಾಗಂತ ನಂಬಿದ್ದೆವು.

ನಮ್ಮ ನಿಧಾನಿ ಫಕ್ಕೀರವ್ವ, ವಯಸ್ಸು ಅರವತ್ತೆಂಟು. ಒಂದೊಂದು ಚಿತ್ರವನ್ನೂ ಬೀಗರ ಮನೆಯ ಕನ್ಯೆಯನ್ನು ನೋಡಿದಂತೆ ನೋಡುತ್ತಾಳೆ. ಕನ್ನಡಕ ಒರೆಸುತ್ತಾಳೆ, ಈ ರಸ್ತೆ ಯಾವ ಊರಿಂದು ಎನ್ನುತ್ತಾಳೆ, ಅಲ್ಲಿ ತನ್ನ ದೊಡ್ಡಮ್ಮನ ಮೊಮ್ಮಗಳನ್ನು ಕೊಟ್ಟಿದ್ದು ನೆನಪಿಸಿಕೊಳ್ಳುತ್ತಾಳೆ, ಆಮೇಲೆ ಗೆರೆ. ಹನ್ನೊಂದು ವರ್ಷ ಆಕೆಯ ಲೆಕ್ಕ ಇನ್ನೂರ ನಲವತ್ತರ ಆಸುಪಾಸು ಬಿಟ್ಟು ಅಲ್ಲಾಡಲಿಲ್ಲ. ದರಸಭೆಯಂದು ಆಕೆಗೆ ಏಲಕ್ಕಿ ಹಾರ, ಕೆಂಪು ಮೆತ್ತೆಯ ಕುರ್ಚಿ, ಮೊದಲ ಪ್ಲೇಟು ಮಿರ್ಚಿ. ಊರಿನ ಹೆಮ್ಮೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಹಳೆಯ ದಾಖಲೆಗಳ ಒಂದು ಗಂಟು ಕಳೆದ ವರ್ಷ ನನ್ನ ಕೈಗೆ ಬಂತು. ನಿಮ್ಮ ಕಾಲದವರು ಚೂರುಗೆಲಸಕ್ಕೆ ಹೇಗೆ ದರ ಕಟ್ಟುತ್ತಿದ್ದರು ಎಂದು ಕುತೂಹಲದಿಂದ ಬಿಚ್ಚಿದೆ. ಮೊದಲ ಹಾಳೆಯಲ್ಲೇ ನನ್ನ ಚಹಾ ಆರಿತು. "ಅಂದಾಜು ಸಮಯ: ಎರಡು ನಿಮಿಷ" ಎಂದು ಬರೆದಿತ್ತು. ಕೆಳಗೆ ಸೂಚನೆಗಳಿದ್ದವು. ಗಡಿಯಾರ ಇಟ್ಟುಕೊಂಡು ಓದಿದೆ. ಸೂಚನೆ ಓದುವುದಕ್ಕೇ ನಾಲ್ಕು ನಿಮಿಷ. ಅಂದರೆ ಕೆಲಸಗಾರ ಕೆಲಸ ಶುರು ಮಾಡುವ ಎರಡು ನಿಮಿಷ ಮೊದಲೇ ಮುಗಿಸಿರಬೇಕಿತ್ತು! ಈ ಅಂದಾಜು ಕೊಟ್ಟವರು ಆ ಕೆಲಸವನ್ನು ಒಮ್ಮೆಯೂ ಮಾಡಿರಲಿಲ್ಲ ಎಂದು ಮುಂದಿನ ಹಾಳೆಯಲ್ಲಿ ಗೊತ್ತಾಯಿತು. ಗುಂಪಿನಲ್ಲಿ ಎಲ್ಲರಿಗಿಂತ ಜೋರಿದ್ದವನ ಸಮಯ ತೆಗೆದುಕೊಂಡು ಅದನ್ನೇ ಎಲ್ಲರಿಗೂ ಹಚ್ಚಿದ್ದರು. ಕೆಲಸ ಹುಡುಕಲು ಕಳೆದ ಗಂಟೆಗೆ ಕಾಸಿಲ್ಲ. ಪರೀಕ್ಷೆ ಎಂದು ಮಾಡಿಸಿದ ಐವತ್ತು ಚಿತ್ರಕ್ಕೂ ಕಾಸಿಲ್ಲ, ಆದರೆ ಆ ಐವತ್ತು ಚಿತ್ರ ಬಳಸಿಕೊಂಡಿದ್ದರು.

ತಿರಸ್ಕಾರ ಎಂಬ ಪದ್ಧತಿಯ ಬಗ್ಗೆ ಓದಿದಾಗಂತೂ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದೆ. ಕೆಲಸ ಸರಿ ಇಲ್ಲ ಎಂದು ದುಡ್ಡು ಕೊಡುವುದಿಲ್ಲ, ಸರಿ. ಆದರೆ ಆ ಸರಿ ಇಲ್ಲದ ಕೆಲಸವನ್ನು ಇಟ್ಟುಕೊಳ್ಳುತ್ತಾರೆ! ಮಿರ್ಚಿ ಅಂಗಡಿಗೆ ಹೋಗಿ, ರುಚಿಯಿಲ್ಲ ಎಂದು ಕಾಸು ಕೊಡದೆ, ಪ್ಲೇಟು ಸಮೇತ ಮನೆಗೆ ಕಟ್ಟಿಸಿಕೊಂಡು ಹೋದಂತೆ. ಯಾರೋ ಹೆಣ್ಣುಮಗಳು ಬರೆದ ಅರ್ಜಿಯೊಂದು ಅಲ್ಲಿತ್ತು: "ಸಾರ್, ನೂರಾ ಹನ್ನೆರಡು ಫೋಟೋ ರಿಜೆಕ್ಟ್ ಆಗಿದೆ. ಕಾರಣ ಹೇಳಿದರೆ ತಿದ್ದಿಕೊಳ್ಳುತ್ತೇನೆ." ಅದಕ್ಕೆ ಬಂದ ಉತ್ತರವೂ ಇತ್ತು: "ಇದು ಸ್ವಯಂಚಾಲಿತ ಉತ್ತರ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ." ಅಮೂಲ್ಯ ಎಂದು ಒಮ್ಮೆ ಘೋಷಿಸಿದ ಮೇಲೆ ಮೌಲ್ಯ ಕೊಡುವ ತಾಪತ್ರಯವೇ ಇರುವುದಿಲ್ಲವಲ್ಲ. ಎಂಥ ಬುದ್ಧಿವಂತ ಪೂರ್ವಿಕರು!

ಆಮೇಲೆ ಹುರುಪು ತುಂಬುವ ಅಧ್ಯಾಯ. ಮೊದಲು ಮುಗಿಸಿದ ಹತ್ತು ಜನಕ್ಕೆ ಬಹುಮಾನ ಎಂದು ಸಾರಿ ನಾಲ್ಕು ಸಾವಿರ ಜನರನ್ನು ಓಡಿಸಿದ್ದರು. ಉಳಿದ ಮೂರು ಸಾವಿರದ ಒಂಬೈನೂರ ತೊಂಬತ್ತು ಜನಕ್ಕೆ ಒಳ್ಳೆಯ ವ್ಯಾಯಾಮವಾಗಿರಬೇಕು. ಸಾವಿರ ಚಿತ್ರ ಮಾಡಿದವರಿಗೆ ಒಂದು ಬಂಗಾರದ ಲೋಟದ ಚಿತ್ರ. ಅದರಲ್ಲಿ ಚಹಾ ಕುಡಿಯಲು ಬರುವುದಿಲ್ಲ. ಹೆಸರಿನ ಪಕ್ಕ ನಕ್ಷತ್ರ. ಐದು ನಕ್ಷತ್ರ ನಾಲ್ಕಾದರೆ ಕೆಲಸವೇ ಬಂದ್. ಬೆಳೆದ ಗಂಡಸರು, ಹೆಂಗಸರು, ಈ ನಕ್ಷತ್ರಕ್ಕೋಸ್ಕರ ಊಟ ಬಿಟ್ಟು ಕೂತಿದ್ದರೆಂದು ಓದಿ ನಾನು ನಕ್ಕೆ. ಇದನ್ನು ಒಪ್ಪಿಕೊಳ್ಳಲೇಬೇಕು. ಜೋರಾಗಿ ನಕ್ಕೆ.

ನಕ್ಕವನು ಸುಮ್ಮನಿರಬಹುದಿತ್ತು. ದರಸಭೆಗೆ ಇನ್ನೂ ನಾಲ್ಕು ದಿನ ಇತ್ತು. ಹಾಳೆಯಲ್ಲಿ ಒಂದು ನಕ್ಷತ್ರ ಕತ್ತರಿಸಿ, ಅರಿಶಿಣ ಬಳಿದು, ತಮಾಷೆಗೆ ಫಕ್ಕೀರವ್ವನ ಮೇಜಿಗೆ ಅಂಟಿಸಿದೆ. ಇಪ್ಪತ್ತು ಚಿತ್ರಕ್ಕೆ ಒಂದು ನಕ್ಷತ್ರ ಅಂದೆ. ಅರವತ್ತೆಂಟರ ಮುದುಕಿ, ಊರಿಗೆ ಊರೇ ಕಾದರೂ ಕನ್ನಡಕ ಒರೆಸುವುದನ್ನು ಬಿಡದವಳು, ಕಾಗದಕ್ಕೆ ಮರುಳಾಗುತ್ತಾಳೆಯೇ?

ಸಂಜೆಗೆ ಅವಳೇ ನನ್ನ ಕೋಣೆಗೆ ಬಂದಳು.

"ಕೊಟ್ರೇಶಿ, ಹದಿನಾಲ್ಕ ನಕ್ಷತ್ರ ಆಗ್ಯಾವ. ಹದಿನೈದಾದ್ರ ಏನ್ ಕೊಡ್ತಿ?"

"ಏನೂ ಇಲ್ಲವ್ವಾ, ಇನ್ನೊಂದು ನಕ್ಷತ್ರ."

"ಹಂಗಾದ್ರ ಮೊದಲ ಕತ್ತರಿಸಿ ಇಟ್ಟಿರು. ನಾಳಿಗೆ ನಿನ್ ಕತ್ತರಿ ಸಾಲಂಗಿಲ್ಲ."

ಸಾಲಲಿಲ್ಲ. ದೊಡ್ಡಮ್ಮನ ಮೊಮ್ಮಗಳು ಮರೆತುಹೋದಳು. ಕನ್ನಡಕ ಧೂಳು ಹಿಡಿಯಿತು. ದರಸಭೆಯಂದು ಏಲಕ್ಕಿ ಹಾರ ಹಾಕಿಕೊಂಡು ಕೂತವಳು ನಾಲ್ಕು ಗಂಟೆಗೆ ಮುನ್ನೂರ ಅರವತ್ತು ಚಿತ್ರ ಮುಗಿಸಿ, ಚಪ್ಪಾಳೆಗೆ ಕಾದಳು. ಜನ ಚಪ್ಪಾಳೆ ತಟ್ಟಿಯೇ ಬಿಟ್ಟರು! ಪಕ್ಕದಲ್ಲಿ ಕೂತಿದ್ದ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಕ್ಷತ್ರದ ಕಥೆ ಬಾಯಿಬಿಡಬೇಕಾಗಿತ್ತು. ಬಿಡಲಿಲ್ಲ. ತುಂಬುದಿನವನ್ನು ಮುನ್ನೂರ ಅರವತ್ತರಿಂದ ಭಾಗಿಸಿ ಗೋಡೆಗೆ ದರ ಬರೆದೆ. ಚೂರಿನ ಬೆಲೆ ಒಂದೇ ದಿನಕ್ಕೆ ಮೂರರಲ್ಲಿ ಒಂದು ಪಾಲು ಬಿತ್ತು. ನಿಮ್ಮವರು ಸಾವಿರಾರು ಜನ ಸೇರಿ ಮಾಡುತ್ತಿದ್ದ ಕೆಲಸವನ್ನು ನಾನೊಬ್ಬನೇ ಒಂದು ಕತ್ತರಿಯಿಂದ ಮಾಡಿದ್ದೆ.

ಆಮೇಲಿನ ತಿಂಗಳುಗಳಲ್ಲಿ ನಾಲ್ಕರ ಗಂಟೆ ಹೊಡೆದರೂ ಅರ್ಧ ಮನೆ ಏಳುತ್ತಿರಲಿಲ್ಲ. ಇನ್ನೈದು ಚಿತ್ರ, ಇನ್ನೈದು ಚಿತ್ರ ಎನ್ನುತ್ತಿದ್ದರು. ಮಿರ್ಚಿಯವನು ಎಣ್ಣೆ ಕಾಯಿಸಿಟ್ಟುಕೊಂಡು ಬಾಗಿಲಿಗೆ ಬಂದು ಇಣುಕುತ್ತಿದ್ದ. ಫಕ್ಕೀರವ್ವನ ಮಗ್ಗುಲಿನ ಮೇಜಿನ ದ್ಯಾಮಣ್ಣ, ಐವತ್ತೈದರ ಮೌನದ ಮನುಷ್ಯ, ಒಂದು ದಿನ ತೂಕಡಿಸುತ್ತ, ರಸ್ತೆಯ ಚಿತ್ರದಲ್ಲಿ ಸಿಕ್ಕಿದ್ದ ಪುರಸಭೆ ಅಧ್ಯಕ್ಷರ ಬೋಳುತಲೆಯ ಸುತ್ತ ಗೆರೆ ಎಳೆದು "ಗುಂಡಿ, ಆಳ ಮಧ್ಯಮ" ಎಂದು ನಮೂದಿಸಿದ. ಇಡೀ ಮನೆ ನಕ್ಕಿತು. ಹನ್ನೊಂದು ವರ್ಷದಲ್ಲಿ ಒಂದೂ ತಪ್ಪು ಮಾಡದವನು ಯಾಕೆ ತೂಕಡಿಸಿದ ಎಂದು ಕೇಳಲು ಅವನ ಮನೆಗೆ ಹೋದೆ. ಬಾಗಿಲಲ್ಲಿ ಅವನ ಹೆಂಡತಿ ರತ್ನವ್ವ ಇದ್ದಳು.

"ಬರ್ರಿ, ದರದ ಸಾಹೇಬ್ರ. ಗ್ವಾಡಿ ಮ್ಯಾಲ ಬರದ್ರಿ, ಅಂವ ನಿದ್ದಿ ಬಿಟ್ಟ. ಇನ್ನೇನ್ ಬರ್ಯಾಕ ಬಂದೀರಿ?"

ನನಗೆ ಕುಡಿಯಲು ನೀರು ಕೊಟ್ಟಳು. ಕುಡಿದು, ಕೇಳಲು ಬಂದಿದ್ದನ್ನು ಕೇಳದೆಯೇ ತಿರುಗಿ ಬಂದೆ.

ದರ ತಪ್ಪಿದ್ದರೆ ಮೂರು ತಿಂಗಳ ಒಳಗೆ ನಿಧಾನಿಯನ್ನು ಮತ್ತೊಮ್ಮೆ ಕೂರಿಸಬಹುದು. ದಾಟಿದರೆ ಇಡೀ ವರ್ಷ ಅದೇ ದರ. ಉಳಿದಿದ್ದು ಒಂದೇ ದಿನ. ಸಭೆ ಸೇರಿಸಿ ನಕ್ಷತ್ರದ ಪಾಪ ಒಪ್ಪಿಕೊಂಡೆ. ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ನಿಮ್ಮ ಕಾಲದ್ದೇ, ಬದಲಾಗಿಲ್ಲ. ಫಕ್ಕೀರವ್ವನನ್ನು ಮತ್ತೆ ಕೂರಿಸಿದೆವು. ಪಾಪ, ಪ್ರಯತ್ನ ಪಟ್ಟಳು. ಕನ್ನಡಕ ಒರೆಸಿದಳು. ಆದರೆ ಬೆರಳು ಕೇಳಲಿಲ್ಲ, ಹಗ್ಗ ಬಿಚ್ಚಿದ ಕರುವಿನಂತೆ ಓಡಿತು. ಬೇಕೆಂದೇ ನಿಧಾನ ಮಾಡುವುದು ನಮ್ಮಲ್ಲಿ ಮೋಸ. ಒಂದೇ ಗಂಟೆಯಲ್ಲಿ ಅರವತ್ತಾಯಿತು. ಅವಳು ಎದ್ದು ಹಾರ ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ಕೈಲಾಗಂಗಿಲ್ಲ. ಒಂದ್ ಮಾತ್ ಹೇಳ್ತೀನಿ, ಬೈಬ್ಯಾಡ್ರಿ. ನಾ ನಿಧಾನಿ ಅಲ್ಲ. ಯಾವತ್ತೂ ಆಗಿದ್ದಿಲ್ಲ. ಈ ದ್ಯಾಮಣ್ಣ ನನ್ನ ಮಗ್ಗಲದಾಗ ಕುಂದರತಾನ. ಇಂವನ ಬಲಗೈ ನಡಗತೈತಿ. ನಾ ಎರಡ ಗೆರಿ ಎಳ್ಯೂದ್ರಾಗ ಇಂವ ಒಂದ್ ಎಳದು ಅಳಸತಿದ್ದ. ಹನ್ನೊಂದ್ ವರ್ಷದಿಂದ ನೋಡೀನಿ. ಹೇಳಿದ್ರ ಕುರ್ಚಿ ಹೊಕ್ಕಿತ್ತು ಅಂತ ಹೇಳಲಿಲ್ಲ."

ದ್ಯಾಮಣ್ಣ ಕೈಯನ್ನು ಟವೆಲಿನೊಳಗೆ ಸುತ್ತಿಕೊಂಡು ನಿಂತ.

"ಯವ್ವಾ, ನಿನಗ್ಯಾರ್ ಕೇಳಿದ್ರು? ನನ್ನ ಕೈ ನಡಗತೈತಂತ ಊರ ತುಂಬ ಡಂಗುರ ಹೊಡಸ್ತಿ ಏನು? ನಾ ಬ್ಯಾನಿ ಮನಷ್ಯಾ ಅಂತ ಕುರ್ಚಿ ಮ್ಯಾಲ ಕುಂದ್ರಿಸಿ ಹಾರ ಹಾಕ್ತೀರಿ? ನಾ ಒಲ್ಲೆ."

"ಸೊಕ್ಕ ಮಾಡಬ್ಯಾಡೋ. ನಾ ಸೊಕ್ಕ ಮಾಡಿದ್ದಕ್ಕ ಇಷ್ಟ ಆತು. ನೀ ಕುಂತ್ರ ಮುನ್ನೂರ ಮಂದಿ ನಾಕಕ್ಕ ಮನಿಗೆ ಹೊಕ್ಕಾರ. ನಿನ್ ಹೇಂತಿ ಮಾರಿ ನೋಡ್ ಒಮ್ಮಿ."

ಅವನು ರತ್ನವ್ವನ ಕಡೆ ನೋಡಿದ. ಅವಳು ಎದ್ದು ಬಂದು ಅವನ ಕೈಯಿಂದ ಟವೆಲು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡಳು. ಅವನು ಕೂತ. ಹಾರ ಬೇಡವೆಂದ, ಮೆತ್ತೆಯ ಕುರ್ಚಿ ಬೇಡವೆಂದ, ತನ್ನ ಹಳೆಯ ಸ್ಟೂಲೇ ತರಿಸಿಕೊಂಡ. ಕಾನೂನಿನಂತೆ ಗಡಿಯಾರ ಮೊದಲಿನಿಂದ ಶುರುವಾಗಿ ಪೂರ್ತಿ ಆರು ಗಂಟೆ ನಡೆಯಬೇಕು. ಊರಿಗೆ ಊರೇ ಕಾಯಿತು. ನಾನೂ ಪಕ್ಕದಲ್ಲಿ ಗೆರೆ ಎಳೆಯುತ್ತ ಅವನ ಬೆರಳನ್ನೇ ನೋಡಿದೆ. ಗೆರೆ ಗುಂಡಿಯ ಅಂಚಿಗೆ ಬರುವುದು, ಜಾರುವುದು, ಅಳಿಸುವುದು, ಮತ್ತೆ ಬರುವುದು. ಅವಸರವಿಲ್ಲ, ಬೇಸರವಿಲ್ಲ. ಮುಗಿದಾಗ ಎಣಿಸಿದರೆ ನೂರಾ ಅರವತ್ತು.

ಸಂಭ್ರಮವೋ ಸಂಭ್ರಮ! ನೂರಾ ಅರವತ್ತಕ್ಕೆ ಒಂದು ತುಂಬುದಿನ ಎಂದರೆ ಚೂರಿನ ಬೆಲೆ ಹಳೆಯ ಒಳ್ಳೆಯ ಕಾಲಕ್ಕಿಂತಲೂ ಒಂದೂವರೆ ಪಟ್ಟು. ಕೆಲಸ ಕೊಡುವ ರಸ್ತೆ ಇಲಾಖೆಯ ಪ್ರತಿನಿಧಿ ಎದ್ದು ನಿಂತು, "ಇಷ್ಟ ದರ ಕೊಟ್ಟು ಚಿತ್ರ ನೋಡ್ಸೂಕಿಂತ ಗುಂಡಿ ಮುಚ್ಚೂದ ಅಗ್ಗ ಆಕ್ಕೈತ್ರಿ" ಎಂದು ಅಲವತ್ತುಕೊಂಡ. ಹಾಗಾದರೆ ಮುಚ್ಚಿರಿ ಎಂದು ನಾಲ್ಕೂ ಕಡೆಯಿಂದ ಕೂಗಿದರು. ಇನ್ನೂರು ವರ್ಷದಲ್ಲಿ ಯಾರಿಗೂ ಈ ಉಪಾಯ ಹೊಳೆದಿರಲಿಲ್ಲ.

ನಾನು ಮಾತ್ರ ಗೋಡೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ನೂರಾ ಅರವತ್ತು. ಹಳೆಯ ದರದಲ್ಲಿ ತುಂಬುದಿನಕ್ಕೆ ಇನ್ನೂರ ನಲವತ್ತು ಬೇಕಿತ್ತು. ನನ್ನ ಲೆಕ್ಕದ ಪುಸ್ತಕದಲ್ಲಿ ಹನ್ನೊಂದು ವರ್ಷವೂ ದ್ಯಾಮಣ್ಣನ ಹೆಸರಿನ ಮುಂದೆ ಪ್ರತಿದಿನ ತುಂಬುದಿನವೇ ಇದೆ. ಉಳಿದ ಎಂಬತ್ತು ಎಲ್ಲಿಂದ ಬರುತ್ತಿತ್ತು?

"ಮನ್ಯಾಗ ಮಾಡ್ತಿದ್ದೆ, ಮತ್ತೆಲ್ಲಿಂದ ಬರತೈತ್ರಿ?" ಅಂದ ದ್ಯಾಮಣ್ಣ. "ದಿನಾ ಮೂರ್ ತಾಸು."

ಮಹನೀಯರೆ, ನಿಮ್ಮ ದಾಖಲೆ ಓದಿ ನಾನು ಬೆಚ್ಚಿದ್ದೆಲ್ಲ ಒಂದು ತೂಕ, ಇದೊಂದು ತೂಕ. ಪುಸ್ತಕದಲ್ಲಿ ಎಷ್ಟು ಚಿತ್ರ ಎಂಬುದಕ್ಕೆ ಜಾಗವಿತ್ತು, ಎಷ್ಟು ಗಂಟೆ ಎಂಬುದಕ್ಕೆ ಇರಲಿಲ್ಲ. ಫೆಬ್ರವರಿಗೂ ನ್ಯಾಯ ಕೊಟ್ಟ ಜನ ನಾವು, ಮೂರನೇ ಸಾಲಿನ ಸ್ಟೂಲಿನ ಮೇಲೆ ಕೂತವನನ್ನು ಹನ್ನೊಂದು ವರ್ಷ ಒಂದು ಮಾತು ಕೇಳಲಿಲ್ಲ. ನಿಧಾನಿ ಯಾರೆಂದು ನಾವು ಹುಡುಕಿರಲೇ ಇಲ್ಲ. ಯಾರು ನಿಧಾನವಾಗಿ ಕಾಣಿಸಿದರೋ ಅವರಿಗೆ ಹಾರ ಹಾಕಿದ್ದೆವು. ನಿಜವಾಗಿ ಹಿಂದೆ ಬಿದ್ದವನು ಅದನ್ನು ಮುಚ್ಚಿಟ್ಟುಕೊಳ್ಳುತ್ತಾನೆ ಎಂಬಷ್ಟು ತಿಳಿವಳಿಕೆ ನನಗಿರಲಿಲ್ಲ, ದರಗಾರ ಎಂಬ ಬೋರ್ಡು ಮಾತ್ರ ಇತ್ತು.

ಸಭೆ ಅಲ್ಲಿಯೇ ತೀರ್ಮಾನ ಮಾಡಿತು: ಹನ್ನೊಂದು ವರ್ಷದ ಹೆಚ್ಚಿನ ದುಡಿಮೆ, ಹೆಚ್ಚುಕಡಿಮೆ ಒಂಬತ್ತು ಸಾವಿರದ ಒಂಬೈನೂರು ಗಂಟೆ, ಅಷ್ಟಕ್ಕೂ ಹೊಸ ದರದಲ್ಲಿ ದುಡ್ಡು. ಕೈ ಎತ್ತದವರು ಒಬ್ಬರೂ ಇರಲಿಲ್ಲ. ದ್ಯಾಮಣ್ಣ ಹೇಳಿದ:

"ರೊಕ್ಕಾ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ನಾಕಕ್ಕ ಎಲ್ಲಾರೂ ಬೇವಿನ ಕಟ್ಟಿ ಮ್ಯಾಲ ಹುಲಿಮನಿ ಆಡಾಕ ಹೊಕ್ಕಿದ್ರಿ. ಬಸೆಟ್ಟಿ ನನ್ನ ಜೋಡಿ ಆಡಾಂವ. ದಿನಾ ಕರಿಯಾಂವ. ಕೆಲಸ ಐತಿ ಅಂದ್ರ ಕೈ ಸುದ್ದಿ ಹೇಳಬೇಕಾಕ್ಕಿತ್ತು, ಅದಕ್ಕ ಮನಸಿಲ್ಲ ಅಂತಿದ್ದೆ. ದ್ಯಾಮ್ಯಾಗ ಸೊಕ್ಕ ಬಂದೈತಿ ಅಂತಿದ್ದ. ಹಂಗ ಅನಕೋತನ ತೀರಿ ಹ್ವಾದ, ನಾಕ್ ವರ್ಷ ಆತು. ಅಂವಗ ಯಾರ್ ಹೋಗಿ ಹೇಳ್ತೀರಿ?"

ನಾನು ಗೋಡೆಯ ಕಡೆ ತಿರುಗಿ ಹೊಸ ದರ ಬರೆದೆ. ಅದರ ಕೆಳಗೆ ಬೇರೆಯದೊಂದು ಬರೆಯಬೇಕೆನಿಸಿತು, ಏನೆಂದು ತಿಳಿಯದೆ ಸುಣ್ಣ ಕೆಳಗಿಟ್ಟೆ. ಮನೆಗೆ ಬಂದು ಈ ಪತ್ರಕ್ಕೆ ಕೂತೆ.

ಬಸೆಟ್ಟಿಗೆ ಬರೆಯೋಣವೆಂದರೆ ಹಿನ್ನಂಚೆ ನೂರು ವರ್ಷಕ್ಕಿಂತ ಈಚೆಗೆ ನಿಲ್ಲುವುದಿಲ್ಲ. ಅದಕ್ಕೆ ನಿಮಗೆ ಬರೆದೆ. ಹೋದ ವರ್ಷ ನಗುವುದಕ್ಕೆಂದು ಬಿಚ್ಚಿದ ನಿಮ್ಮ ಗಂಟನ್ನು ಈಗ ನಗದೆ ಮತ್ತೆ ಓದುತ್ತಿದ್ದೇನೆ. ನೀವು ದರ ಬರೆಯುವ ಪರದೆಯ ಆಚೆ ಯಾರೋ ಕೂತಿದ್ದಾರೆ, ನಿಮ್ಮ ಪಟ್ಟಿಯಲ್ಲಿ ಅವರ ಕೆಲಸ ಸಲೀಸಾಗಿ ನಡೆದಂತೆ ಕಾಣುತ್ತಿದೆ, ದೂರು ಒಂದೂ ಇಲ್ಲ. ದಯವಿಟ್ಟು ಅದನ್ನು ನಂಬಬೇಡಿ. ಅವರು ಮಾಡುವ ಕೆಲಸವನ್ನು ಒಂದು ದಿನ ಪೂರ್ತಿ ನೀವೇ ಮಾಡಿ. ಆಮೇಲೆ ಎಷ್ಟು ಗಂಟೆಯಾಯಿತು ಎಂದು ಅವರನ್ನು ಕೇಳಿ, ಅವರು ನಾಚಿಕೊಳ್ಳದೆ ಹೇಳುವ ಹಾಗೆ ಕೇಳಿ. ನಿಮಗೆ ನನ್ನಂತೆ ಹನ್ನೊಂದು ವರ್ಷ ತಡವಾಗಿಲ್ಲ. ನಿಮ್ಮಲ್ಲಿ ಇವತ್ತಿನ ಸಂಜೆ ಇನ್ನೂ ಆಗಿಲ್ಲ. ಅವರನ್ನು ಹೊರಗಿನಿಂದ ಯಾರೋ ಆಟಕ್ಕೆ ಕರೆಯುತ್ತಿರಬಹುದು, ಬೇಗ ಮಾಡಿ.

ಇಂತಿ,
ಕೊಟ್ರೇಶ ಹಲಗೇರಿ